ಬಿಡಿಭಾಗ ಬದಲಾಯಿಸಿದ ಮೇಲೆ ಚಾಲೂ ಆಗದ ಡೆಸ್ಕ್‌ಟಾಪ್ ಕಂಪ್ಯೂಟರ್: ಚಾಮರಾಜನಗರ, ಗುಂಡ್ಲುಪೇಟೆಗಳ ಹಿನ್ನೆಲೆಯಲ್ಲಿ ದೋಷಪತ್ತೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ರ‍್ಯಾಮ್, ಡಿಸ್ಕ್, ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಅಥವಾ ಇವೆಲ್ಲಕ್ಕೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಇವುಗಳಲ್ಲಿ ಯಾವುದಾದರೊಂದನ್ನು ತೆಗೆದು ಬೇರೊಂದನ್ನು ಕೂರಿಸಿದ ನಂತರ ಯಂತ್ರ ಮತ್ತೆ ಚಾಲೂ ಆಗದಿರುವುದು ರಿಪೇರಿ ಅಂಗಡಿಗಳಿಗೆ ಬರುವ ಸಾಮಾನ್ಯ ದೂರುಗಳಲ್ಲಿ ಒಂದು. ಇಂಥ ಸಂದರ್ಭದಲ್ಲಿ ಹೊಸ ಭಾಗವೇ ಕೆಟ್ಟದ್ದು ಎಂದೋ, ಮದರ್‌ಬೋರ್ಡ್ ಸುಟ್ಟುಹೋಯಿತು ಎಂದೋ ತೀರ್ಮಾನಿಸುವುದು ವಾಡಿಕೆಯಾದರೂ, ನಿಜವಾದ ಕಾರಣ ಬಹುಪಾಲು ಸಲ ಪೂರ್ತಿಯಾಗಿ ಕೂರದ ರ‍್ಯಾಮ್, ಮರೆತುಹೋದ ಕನೆಕ್ಟರ್, ಆ ಬೋರ್ಡಿಗೆ ಹೊಂದದ ಬಿಡಿಭಾಗ ಅಥವಾ ಅರಿವಿಲ್ಲದೆ ಬದಲಾದ ಸೆಟ್ಟಿಂಗ್ ಆಗಿರುತ್ತದೆ. ಆದ್ದರಿಂದ ಕೊನೆಯಲ್ಲಿ ಕೈಯಿಟ್ಟದ್ದನ್ನೇ ಮೊದಲು ಪರೀಕ್ಷಿಸುವುದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು, ಬೇಕಾದಾಗ ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ತೆರೆದಿಟ್ಟುಕೊಳ್ಳುವುದು ದೋಷಪತ್ತೆಯ ಬುನಾದಿಯಾಗಿವೆ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆಯಲ್ಲಿ ಜನಸಾಮಾನ್ಯರ ಬದುಕಿಗೆ ಕಂಪ್ಯೂಟರನ್ನು ತಂದದ್ದರಲ್ಲಿ ಸರ್ಕಾರಿ ಸೇವೆಗಳ ಪಾತ್ರ ದೊಡ್ಡದು. 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಬಂದ ಭೂಮಿ ಯೋಜನೆಯಿಂದ ಪಹಣಿ ಗಣಕೀಕೃತವಾಯಿತು. ನಾಡಕಚೇರಿ, ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರ, ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ಶಾಲಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಡೆಸ್ಕ್‌ಟಾಪ್ ಇಂದಿಗೂ ದುಡಿಯುತ್ತಿದೆ. ಇಂಥ ಕಡೆ ಒಂದು ಯಂತ್ರ ನಿಂತರೆ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹಳ್ಳಿಯಿಂದ ಬಂದವರು ಇನ್ನೊಂದು ದಿನ ಬರಬೇಕಾಗುತ್ತದೆ. ಚಾಮರಾಜನಗರಕ್ಕಾಗಲಿ ಗುಂಡ್ಲುಪೇಟೆಗಾಗಲಿ ಮೈಸೂರು ಸುಮಾರು 60 ಕಿ.ಮೀ. ದೂರದಲ್ಲಿದೆ, ಸ್ಥಳೀಯ ಅಂಗಡಿಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕೀಬೋರ್ಡುಗಳಂಥ ಸಾಮಾನ್ಯ ವಸ್ತುಗಳು ಸಿಕ್ಕರೂ ಹಳೆಯ ಪೀಳಿಗೆಯ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಬೇಕಾದರೆ ಮೈಸೂರಿನಿಂದಲೋ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಲೋ ತರಿಸಬೇಕಾಗುವುದುಂಟು. ಚಾಮರಾಜನಗರಕ್ಕೆ ಮೈಸೂರಿನಿಂದ ರೈಲಿದೆ. ಗುಂಡ್ಲುಪೇಟೆಗೆ ರಾಷ್ಟ್ರೀಯ ಹೆದ್ದಾರಿ 766ರ ರಸ್ತೆ ಸಂಚಾರವೇ ಆಧಾರ. ಊಹೆಯ ಮೇಲೆ ತರಿಸಿದ ಒಂದು ತಪ್ಪು ಭಾಗಕ್ಕೆ ಇಲ್ಲಿ ಹಣದ ಜೊತೆಗೆ ದಿನಗಳೂ ವ್ಯರ್ಥವಾಗುವುದರಿಂದ, ನಗರಕ್ಕಿಂತ ಇಂಥ ಊರುಗಳಲ್ಲಿಯೇ ಕ್ರಮಬದ್ಧ ಪರೀಕ್ಷೆಯ ಬೆಲೆ ಹೆಚ್ಚು.

ಪರೀಕ್ಷೆಗೆ ಮೊದಲು ಕೇಳಬೇಕಾದ ಪ್ರಶ್ನೆ, ಭಾಗವನ್ನು ಬದಲಾಯಿಸಿದ್ದೇಕೆ ಎಂಬುದು. ಚೆನ್ನಾಗಿ ನಡೆಯುತ್ತಿದ್ದ ಯಂತ್ರಕ್ಕೆ ವೇಗ ಹೆಚ್ಚಲೆಂದು ಹೊಸ ರ‍್ಯಾಮ್ ಹಾಕಿದಾಗ ಅದು ನಿಂತರೆ ಅನುಮಾನ ನೇರವಾಗಿ ಆ ಬದಲಾವಣೆಯ ಮೇಲೆಯೇ ಬೀಳಬೇಕು. ಅದೇ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ ಕೆಟ್ಟ ಯಂತ್ರಕ್ಕೆ ಹೊಸ ಎಸ್‌ಎಂಪಿಎಸ್ ಹಾಕಿಯೂ ಪ್ರಯೋಜನವಾಗದಿದ್ದರೆ, ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದಲೋ ಇಂಟರ್‌ನೆಟ್ ಕೇಬಲ್‌ನಿಂದಲೋ ಬಂದು ಮದರ್‌ಬೋರ್ಡನ್ನೂ ಮುಟ್ಟಿರುವ ಸಾಧ್ಯತೆ ಇರುತ್ತದೆ. ಮೊದಲನೆಯದು ಬದಲಾವಣೆಯಿಂದ ಹುಟ್ಟಿದ ದೋಷ, ಎರಡನೆಯದು ಬದಲಾವಣೆಗೂ ಮುಂಚೆ ಇದ್ದ ದೋಷ. ಈ ವ್ಯತ್ಯಾಸವನ್ನು ಗಮನಿಸದೆ ಮುಂದುವರಿದವರು ಒಂದೇ ಭಾಗವನ್ನು ಮತ್ತೆ ಮತ್ತೆ ಬದಲಾಯಿಸುತ್ತ ಹೋಗುತ್ತಾರೆ.

ಚಾಲೂ ಆಗುತ್ತಿಲ್ಲ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಬಟನ್ ಒತ್ತಿದಾಗ ದೀಪ ಹತ್ತದೆ, ಫ್ಯಾನ್ ತಿರುಗದೆ ಯಂತ್ರ ಸುಮ್ಮನಿದ್ದರೆ ಅದನ್ನು ಮೆಕ್ಯಾನಿಕ್‌ಗಳು ಡೆಡ್ ಎನ್ನುತ್ತಾರೆ. ಫ್ಯಾನ್ ತಿರುಗಿಯೂ ಮಾನಿಟರಿನಲ್ಲಿ ಏನೂ ಮೂಡದಿದ್ದರೆ ನೋ ಡಿಸ್‌ಪ್ಲೇ. ತಯಾರಕರ ಚಿಹ್ನೆ ಅಥವಾ ಸೆಟಪ್ ಪರದೆ ಕಾಣಿಸಿಕೊಂಡು ವಿಂಡೋಸ್ ಅಥವಾ ಲಿನಕ್ಸ್ ಮಾತ್ರ ತೆರೆಯದಿದ್ದರೆ ಬೂಟ್ ಆಗುತ್ತಿಲ್ಲ ಎಂಬುದು ಸರಿಯಾದ ವರ್ಣನೆ. ಈ ಮೂರಕ್ಕೂ ಕಾರಣಗಳು ಬೇರೆಯಾದ್ದರಿಂದ ಯಾವುದು ಎಂದು ನಿಶ್ಚಯಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಡೆಡ್ ಸ್ಥಿತಿ

ಇಂದಿನ ಡೆಸ್ಕ್‌ಟಾಪ್‌ಗಳ ವಿದ್ಯುತ್ ವ್ಯವಸ್ಥೆ ಇಂಟೆಲ್ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಎಂಬ ಮಾನದಂಡವನ್ನು ಆಧರಿಸಿದೆ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ಎಸಿ ವಿದ್ಯುತ್ತನ್ನು ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಪರಿವರ್ತಿಸಿ, ರೂಢಿಯಂತೆ ಹಳದಿ, ಕೆಂಪು ಮತ್ತು ಕಿತ್ತಳೆ ಬಣ್ಣದ ತಂತಿಗಳಲ್ಲಿ ಕಳುಹಿಸುತ್ತದೆ. ಯಂತ್ರ ಆಫ್ ಆಗಿದ್ದಾಗಲೂ ನೇರಳೆ ತಂತಿಯಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ತಂತಿಯನ್ನು ಕಪ್ಪು ತಂತಿಗೆ, ಅಂದರೆ ಶೂನ್ಯ ವೋಲ್ಟಿಗೆ, ಎಳೆದು ಎಸ್‌ಎಂಪಿಎಸ್‌ಅನ್ನು ಎಬ್ಬಿಸುತ್ತದೆ, ಎಲ್ಲ ವೋಲ್ಟೇಜುಗಳೂ ಹದಕ್ಕೆ ಬಂದ ಮೇಲೆ ಅರ್ಧ ಸೆಕೆಂಡಿನೊಳಗೆ ಬೂದು ತಂತಿಯಲ್ಲಿ ಎಲ್ಲವೂ ಸರಿಯಿದೆ ಎಂಬ ಸೂಚನೆ ಬೋರ್ಡಿಗೆ ತಲುಪುತ್ತದೆ. ಈ ಸೂಚನೆ ಬಾರದಿದ್ದರೆ ಪ್ರೊಸೆಸರ್ ಕೆಲಸ ಆರಂಭಿಸುವುದಿಲ್ಲ. ಮಲ್ಟಿಮೀಟರ್‌ನಲ್ಲಿ ನೇರಳೆ ತಂತಿಯ 5 ವೋಲ್ಟ್ ಸಿಗದಿದ್ದರೆ ದೋಷ ಎಸ್‌ಎಂಪಿಎಸ್‌ನಲ್ಲೋ ಅದಕ್ಕೂ ಹಿಂದಿನ ಪ್ಲಗ್, ತಂತಿ, ಸ್ವಿಚ್ಚುಗಳಲ್ಲೋ ಇದೆ. ಸಿಕ್ಕರೆ ಬಟನ್, ಬೋರ್ಡ್ ಮತ್ತು ಹೊಸದಾಗಿ ಕೂರಿಸಿದ ಭಾಗದ ಕಡೆಗೆ ತಿರುಗಬೇಕು. ನಿಗದಿತ ವೋಲ್ಟೇಜಿಗಿಂತ ಶೇ. 5ರಷ್ಟು ಏರಿಳಿತವನ್ನು ಮಾನದಂಡ ಒಪ್ಪುತ್ತದೆ, ಆದ್ದರಿಂದ ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್‌ವರೆಗೆ ಇದ್ದರೆ ಅದು ಸರಿಯಾದ ಅಳತೆಯೇ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಅನುಭವವಿಲ್ಲದವರು ಬಿಚ್ಚಲೇಬಾರದು: ಅದರೊಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲದು.

ಮದರ್‌ಬೋರ್ಡ್ ಬದಲಾಯಿಸಿದ ನಂತರದ ಡೆಡ್ ಸ್ಥಿತಿಗೆ ಕಾರಣ ಅನೇಕ ವೇಳೆ ಕ್ಯಾಬಿನೆಟ್ಟಿನ ಹಿತ್ತಾಳೆ ಸ್ಟ್ಯಾಂಡುಗಳು. ಬೋರ್ಡಿನ ಹಿಂಬದಿಯ ಬೆಸುಗೆಯ ಚುಕ್ಕೆಗಳು ತಗಡಿಗೆ ತಾಗದಂತೆ ಅದನ್ನು ಎತ್ತರಿಸಿ ಹಿಡಿಯುವ ಈ ಮೊಳೆಗಳು ಹಳೆಯ ಬೋರ್ಡಿನ ರಂಧ್ರಗಳಿಗೆ ತಕ್ಕಂತೆ ಕೂತಿರುತ್ತವೆ. ಹೊಸ ಬೋರ್ಡಿನ ಅಳತೆ ಬೇರೆಯಾದಾಗ ಅನಗತ್ಯವಾಗಿ ಉಳಿದ ಒಂದು ಸ್ಟ್ಯಾಂಡ್ ನೇರವಾಗಿ ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತದೆ, ಆಗ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಬೋರ್ಡನ್ನು ಹೊರತೆಗೆದು ರಟ್ಟಿನ ಡಬ್ಬದ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನ್, ಒಂದೇ ರ‍್ಯಾಮ್ ಮತ್ತು ಎಸ್‌ಎಂಪಿಎಸ್ ಮಾತ್ರ ಜೋಡಿಸಿ ನೋಡಿದಾಗ ಅದು ಚಾಲೂ ಆದರೆ ದೋಷ ಕ್ಯಾಬಿನೆಟ್ಟಿನಲ್ಲೋ ಜೋಡಿಸದೆ ಬಿಟ್ಟ ಭಾಗಗಳಲ್ಲೋ ಇದೆ ಎಂದರ್ಥ. ಕ್ಯಾಬಿನೆಟ್ಟಿನ ಮುಂಬದಿಯ ಬಟನ್ ಮತ್ತು ದೀಪಗಳ ಸಣ್ಣ ತಂತಿಗಳನ್ನು ಕೈಪಿಡಿಯ ಚಿತ್ರ ನೋಡದೆ ಚುಚ್ಚುವುದು ಇನ್ನೊಂದು ಸಾಮಾನ್ಯ ತಪ್ಪು; ಬೋರ್ಡಿನಲ್ಲಿ ಪವರ್ ಬಟನ್‌ಗೆ ಮೀಸಲಾದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಕಾಲ ಮುಟ್ಟಿಸಿದಾಗ ಯಂತ್ರ ಎದ್ದರೆ ಬಟನ್ನಿನದೇ ತೊಂದರೆ ಎಂದು ತಿಳಿಯುತ್ತದೆ.

ಅರ್ತಿಂಗ್ ಮತ್ತು ಯುಪಿಎಸ್

ಚಾಮರಾಜನಗರ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮೈಸೂರು ಕೇಂದ್ರವಾಗಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಬಳಕೆಯ ಹೆಸರಿನಲ್ಲಿ ಸೆಸ್ಕ್. ಮನೆಯೊಳಗಿನ ಅರ್ತಿಂಗ್ ಮಾತ್ರ ಮನೆಯ ಯಜಮಾನನ ಹೊಣೆ. ತೋಡಿ ಉಪ್ಪು, ಇದ್ದಿಲು ತುಂಬಿದ ಅರ್ತ್ ಗುಂಡಿ ತೇವವಿದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿ ಬಿರಿದಾಗ ಅದರ ಪ್ರತಿರೋಧ ಏರುತ್ತದೆ. ಹಳೆಯ ಕಟ್ಟಡಗಳಲ್ಲಿ ಮೂರು ಪಿನ್ನಿನ ಪ್ಲಗ್ಗಿದ್ದರೂ ಅರ್ತ್ ತಂತಿಯೇ ಇಲ್ಲದಿರುವುದುಂಟು. ಎಸ್‌ಎಂಪಿಎಸ್ ಒಳಗೆ ಗದ್ದಲದ ತರಂಗಗಳನ್ನು ಸೋಸಲು ಲೈನ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಪೆಟ್ಟಿಗೆಗೆ ಸಣ್ಣ ಕೆಪಾಸಿಟರುಗಳನ್ನು ಕೊಟ್ಟಿರುತ್ತಾರೆ. ಅರ್ತ್ ಇಲ್ಲದಿದ್ದಾಗ ಇವುಗಳಿಂದ ಕ್ಯಾಬಿನೆಟ್ಟಿನ ಮೈ ಮೇಲೆ ಸುಮಾರು 115 ವೋಲ್ಟ್ ತೇಲುತ್ತದೆ. ಹರಿಯುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ಮುಟ್ಟಿದವರಿಗೆ ಜುಮ್ಮೆನ್ನುವುದಷ್ಟೇ. ಆದರೆ ಯಂತ್ರ ಚಾಲೂ ಇರುವಾಗ ಮಾನಿಟರಿನ ಅಥವಾ ಪ್ರಿಂಟರಿನ ಕೇಬಲ್ ಜೋಡಿಸುವಾಗ ಅದೇ ವೋಲ್ಟೇಜ್ ಡಿಸ್‌ಪ್ಲೇ ಮತ್ತು ಯುಎಸ್‌ಬಿ ಪೋರ್ಟುಗಳನ್ನು ಸುಡಬಲ್ಲದು. ಹೊಸ ಭಾಗ ಹಾಕಿದ ದಿನವೇ ಪೋರ್ಟ್ ಸತ್ತರೆ ಭಾಗವನ್ನು ದೂರುವ ಮುನ್ನ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಬೇಕು. ಅದು ಕೆಲವೇ ವೋಲ್ಟಿನೊಳಗೆ ಇರಬೇಕು. ಭಾರತೀಯ ಮಾನಕ ಐಎಸ್ 3043 ಅರ್ತಿಂಗ್ ಕ್ರಮಗಳನ್ನೇ ವಿವರಿಸುವ ದಾಖಲೆ. ಅಂಗಡಿಯ ಹೊಸ ಕಂಪ್ಯೂಟರಿಗೆ ಹಣ ಹಾಕುವವರು ಅದರ ಒಂದಂಶವನ್ನು ಮೊದಲು ಅರ್ತಿಂಗ್‌ಗೆ ಹಾಕುವುದು ಜಾಣತನ.

ಯುಪಿಎಸ್ ಕೂಡ ಹೀಗೆಯೇ ಕಣ್ಣಿಗೆ ಬೀಳದ ಕಾರಣ. ಸಣ್ಣ ಅಂಗಡಿಗಳಲ್ಲಿ ಕಾಣುವ 600 ವಿಎ ಯುಪಿಎಸ್‌ಗಳ ಅನೇಕ ಮಾದರಿಗಳು ನಿಜವಾಗಿ ಹೊರಬಲ್ಲ ಹೊರೆ ಸುಮಾರು 360 ವಾಟ್ ಮಾತ್ರ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಯಂತ್ರವನ್ನೂ ಮಾನಿಟರನ್ನೂ ಲೇಸರ್ ಪ್ರಿಂಟರನ್ನೂ ಸೇರಿಸಿ ಚುಚ್ಚಿದಾಗ ಯುಪಿಎಸ್ ಚೀರಿ ಆಫ್ ಆಗುತ್ತದೆ, ನೋಡಿದವರು ಕಂಪ್ಯೂಟರ್ ಕೆಟ್ಟಿತೆಂದುಕೊಳ್ಳುತ್ತಾರೆ. ಅನುಮಾನವಿದ್ದಾಗ ಯಂತ್ರವನ್ನು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಟ್ಟು ನೋಡುವುದು ಒಂದೇ ನಿಮಿಷದ ಪರೀಕ್ಷೆ. ಲೇಸರ್ ಪ್ರಿಂಟರನ್ನು ಇಂಥ ಯುಪಿಎಸ್‌ಗೆ ಎಂದೂ ಜೋಡಿಸಬಾರದು.

ನೋ ಡಿಸ್‌ಪ್ಲೇ

ವಿದ್ಯುತ್ ಸಿಕ್ಕ ಕೂಡಲೇ ಬಯೋಸ್ ಅಥವಾ ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ ಎಂಬ, ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶ ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ, ಡಿಸ್ಕುಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತದೆ. ಈ ಸ್ವಯಂಪರೀಕ್ಷೆಗೆ ಪೋಸ್ಟ್ ಎಂದು ಹೆಸರು. ಪರೀಕ್ಷೆ ಎಲ್ಲಿ ನಿಂತಿತು ಎಂಬುದನ್ನು ಹಳೆಯ ಬೋರ್ಡುಗಳು ಬೀಪ್ ಶಬ್ದದಿಂದಲೂ ಹೊಸವು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ಪುಟ್ಟ ದೀಪಗಳಿಂದಲೂ ತಿಳಿಸುತ್ತವೆ. ಅವಾರ್ಡ್ ಸಂಸ್ಥೆಯ ಬಯೋಸ್‌ನಲ್ಲಿ ಒಂದು ಉದ್ದ ಮತ್ತು ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ದೋಷ. ಇಂದಿನ ಕ್ಯಾಬಿನೆಟ್ಟುಗಳಲ್ಲಿ ಸ್ಪೀಕರೇ ಇಲ್ಲದಿರುವುದರಿಂದ ಯಂತ್ರ ಮಾತಾಡುತ್ತಿಲ್ಲ ಎಂದು ತಿಳಿಯುವ ಮುನ್ನ ಸಣ್ಣ ಬಜರ್ ಒಂದನ್ನು ಬೋರ್ಡಿಗೆ ಚುಚ್ಚಿ ಕೇಳುವುದು ಒಳ್ಳೆಯದು.

ನೋ ಡಿಸ್‌ಪ್ಲೇ ದೂರುಗಳಲ್ಲಿ ಮೊದಲ ಸಂಶಯ ರ‍್ಯಾಮ್ ಮೇಲೆ. ಕಪ್ಪು ಗ್ರಾನೈಟಿಗೆ ಹೆಸರಾದ, ವರ್ಷದಲ್ಲಿ ಬಹುಕಾಲ ಒಣ ಹವೆಯ ಈ ಜಿಲ್ಲೆಯಲ್ಲಿ ರಸ್ತೆ ಬದಿಯ ಅಂಗಡಿಗಳ ಯಂತ್ರಗಳಿಗೆ ಧೂಳು ತುಂಬುವುದು ಸಹಜ. ಹಳೆಯ ರ‍್ಯಾಮ್ ತೆಗೆಯುವಾಗ ಅಲುಗಿದ ಧೂಳು ಖಾಲಿ ಸ್ಲಾಟಿನೊಳಗೆ ಬಿದ್ದು ಹೊಸ ರ‍್ಯಾಮಿನ ಸಂಪರ್ಕಕ್ಕೆ ಅಡ್ಡವಾಗುತ್ತದೆ. ಸ್ಲಾಟನ್ನು ಮೃದುವಾದ ಬ್ರಷ್ ಮತ್ತು ಬ್ಲೋಯರಿನಿಂದ ಶುಚಿಮಾಡಿ, ರ‍್ಯಾಮಿನ ಚಿನ್ನದ ಲೇಪದ ಅಂಚನ್ನು ಶಾಲಾಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಉದುರಿದ ಪುಡಿಯನ್ನು ಬೋರ್ಡಿನಿಂದ ದೂರದಲ್ಲಿ ಒರೆಸಿ ಮತ್ತೆ ಕೂರಿಸುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಅದು ನಿಜಕ್ಕೂ ಕೆಲಸ ಮಾಡುತ್ತದೆ. ಶಾಯಿ ಅಳಿಸುವ ಒರಟು ರಬ್ಬರ್ ಬಳಸಿದರೆ ಮಾತ್ರ ಚಿನ್ನದ ಲೇಪವೇ ಸವೆಯುತ್ತದೆ. ಕೂರಿಸುವಾಗ ಎರಡು ತುದಿಗಳನ್ನೂ ಸಮವಾಗಿ ಒತ್ತಬೇಕು, ಅಂಚಿನ ಕ್ಲಿಪ್ ತಾನಾಗಿಯೇ ಟಕ್ ಎಂದು ಮುಚ್ಚಿಕೊಳ್ಳಬೇಕು. ಕ್ಲಿಪ್ಪನ್ನು ಬೆರಳಿನಿಂದ ಮುಚ್ಚಬೇಕಾಗಿ ಬಂದರೆ ರ‍್ಯಾಮ್ ಇನ್ನೂ ಪೂರ್ತಿ ಇಳಿದಿಲ್ಲ ಎಂದರ್ಥ. ಡಿಡಿಆರ್3, ಡಿಡಿಆರ್4, ಡಿಡಿಆರ್5 ರ‍್ಯಾಮುಗಳು ಕ್ರಮವಾಗಿ 1.5, 1.2 ಮತ್ತು 1.1 ವೋಲ್ಟಿನಲ್ಲಿ ನಡೆಯುವಂಥವು. ಒಂದರ ಸ್ಲಾಟಿಗೆ ಇನ್ನೊಂದು ಹೋಗದಿರಲೆಂದೇ ಅವುಗಳ ಕಚ್ಚುಗಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದಾರೆ, ಬಲವಂತ ಮಾಡಿದರೆ ಸ್ಲಾಟ್ ಒಡೆಯುತ್ತದೆ. ಡಿಡಿಆರ್5 ಬೋರ್ಡುಗಳು ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಅದರ ವೇಗವನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಪರದೆಯನ್ನು ಕಪ್ಪಾಗಿಯೇ ಇರಿಸಬಹುದು. ಆ ಹೊತ್ತಿನಲ್ಲಿ ಗಾಬರಿಯಿಂದ ಪವರ್ ತೆಗೆಯದೆ ಕಾಯಬೇಕು.

ಪ್ರೊಸೆಸರ್ ಬದಲಾಯಿಸಿದಾಗ ಸಾಕೆಟ್ಟಿಗೆ ಕೂತಿತೆಂಬ ಮಾತ್ರಕ್ಕೆ ಅದು ಬೋರ್ಡಿಗೆ ಹೊಂದಿತೆಂದು ಹೇಳಲಾಗದು. ಇಂಟೆಲ್‌ನ 6 ಮತ್ತು 7ನೇ ಪೀಳಿಗೆಗೂ 2017ರಲ್ಲಿ ಬಂದ 8ನೇ ಪೀಳಿಗೆಗೂ ಎಲ್‌ಜಿಎ 1151 ಎಂಬ ಒಂದೇ ಹೆಸರಿನ ಸಾಕೆಟ್ ಇದ್ದರೂ ಮೊದಲಿನ ಬೋರ್ಡುಗಳಲ್ಲಿ 8ನೇ ಪೀಳಿಗೆಯ ಪ್ರೊಸೆಸರ್ ನಡೆಯುವುದಿಲ್ಲ. ಎಎಂಡಿಯ ಎಎಂ4 ಬೋರ್ಡುಗಳಲ್ಲಿ ಹೊಸ ಪ್ರೊಸೆಸರ್ ನಡೆಯಬೇಕಾದರೆ, ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯೋಸ್ ನವೀಕರಿಸಬೇಕಾದ ಸಂದರ್ಭಗಳಿವೆ. ಎಫ್ ಅಕ್ಷರದಿಂದ ಕೊನೆಯಾಗುವ ಇಂಟೆಲ್ ಪ್ರೊಸೆಸರುಗಳಲ್ಲಿ ಚಿತ್ರ ಮೂಡಿಸುವ ಭಾಗವೇ ಇಲ್ಲದ ಕಾರಣ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಎಂದಿಗೂ ಬೆಳಗದು. ಪ್ರೊಸೆಸರಿಗೆ ಅದರ ಪಕ್ಕದಲ್ಲೇ 4 ಅಥವಾ 8 ಪಿನ್ನಿನ ಪ್ರತ್ಯೇಕ 12 ವೋಲ್ಟ್ ಕನೆಕ್ಟರ್ ಬೇಕು. ದೊಡ್ಡ 24 ಪಿನ್ನಿನದನ್ನು ಮಾತ್ರ ಚುಚ್ಚಿ ಇದನ್ನು ಮರೆತಾಗ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಮಾನಿಟರಿನ ಕೇಬಲನ್ನು ಹಳೆಯ ಪೋರ್ಟಿನಲ್ಲೇ ಬಿಟ್ಟಿರುವುದು ಪರೀಕ್ಷಿಸಲು ಅತಿ ಸುಲಭವಾದ ಕಾರಣ.

ಬಯೋಸ್ ಸೆಟ್ಟಿಂಗ್ ಮತ್ತು ಬೂಟ್ ದೋಷಗಳು

ಬೋರ್ಡಿನ ಮೇಲೆ ನಾಣ್ಯದಂತೆ ಕಾಣುವ 3 ವೋಲ್ಟಿನ ಸಿಆರ್2032 ಸೆಲ್ ವಿದ್ಯುತ್ ಇಲ್ಲದಾಗ ಗಡಿಯಾರವನ್ನೂ, ಅನೇಕ ಬೋರ್ಡುಗಳಲ್ಲಿ ಸೆಟ್ಟಿಂಗ್‌ಗಳನ್ನೂ ಕಾಪಾಡುತ್ತದೆ. ನೋ ಡಿಸ್‌ಪ್ಲೇ ಬಂದಾಗ ಪ್ಲಗ್ ಕಿತ್ತು ಈ ಸೆಲ್ಲನ್ನು ಕೆಲವು ನಿಮಿಷ ತೆಗೆದಿಡುವುದು ಪರಿಣಾಮಕಾರಿ ಚಿಕಿತ್ಸೆಯೇ ಹೌದು, ಆದರೆ ಅದು ಇನ್ನೊಂದು ದೋಷವನ್ನು ಹುಟ್ಟಿಸಬಲ್ಲದು ಎಂಬುದನ್ನು ಹಲವರು ಮರೆಯುತ್ತಾರೆ. ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿದಾಗ ಡಿಸ್ಕಿನ ಸಾಟಾ ವಿಧಾನ ಎಎಚ್‌ಸಿಐ, ಐಡಿಇ ಅಥವಾ ರೇಡ್‌ಗಳ ನಡುವೆ ಬದಲಾಗಿ, ಮೊದಲಿದ್ದ ವಿಧಾನಕ್ಕೆ ಒಗ್ಗಿದ್ದ ವಿಂಡೋಸ್ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಾಗೆಯೇ ಹಳೆಯ ಎಂಬಿಆರ್ ವಿನ್ಯಾಸದ ಡಿಸ್ಕಿನಿಂದ ಬೂಟ್ ಆಗುತ್ತಿದ್ದ ವಿಂಡೋಸ್ 7 ಯಂತ್ರ, ಬೋರ್ಡ್ ಯುಇಎಫ್‌ಐ ವಿಧಾನಕ್ಕೆ ತಿರುಗಿದರೆ ಡಿಸ್ಕೇ ಇಲ್ಲವೆನ್ನುವ ಸಂದೇಶ ಕೊಡುತ್ತದೆ. ಡಿಸ್ಕಿಗೇನೂ ಆಗಿಲ್ಲದಿದ್ದರೂ ಈ ಹಂತದಲ್ಲಿ ಫಾರ್ಮ್ಯಾಟ್ ಮಾಡಿಬಿಡುವುದರಿಂದ ವರ್ಷಗಳ ಕಡತಗಳು ಅನ್ಯಾಯವಾಗಿ ನಾಶವಾಗುತ್ತವೆ. ಆದ್ದರಿಂದ ಸೆಲ್ ತೆಗೆಯುವ ಮೊದಲು, ಸೆಟಪ್ ಪರದೆ ತೆರೆಯುವಂತಿದ್ದರೆ, ಅದರ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಸೆಲ್ ಸತ್ತ ಯಂತ್ರದಲ್ಲಿ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಹೋಗುವುದರಿಂದ ರಾಜ್ಯ ಸರ್ಕಾರದ ಸೇವಾಸಿಂಧುವಿನಂಥ ಸುರಕ್ಷಿತ ಜಾಲತಾಣಗಳನ್ನು ಬ್ರೌಸರ್ ತೆರೆಯಲು ನಿರಾಕರಿಸುತ್ತದೆ. ಇಂಟರ್‌ನೆಟ್ ಕೆಟ್ಟಿದೆ ಎಂಬ ದೂರಿಗೆ ಒಂದು ಸೆಲ್ ಪರಿಹಾರವಾಗುವುದು ಹೀಗೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದದ್ದರಿಂದ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಬಯಸುವ ವಿಂಡೋಸ್ 11ಕ್ಕಾಗಿ ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಬದಲಾಯಿಸುವ ಅಗತ್ಯ ಹಲವರಿಗೆ ಬಂದಿದೆ. ಬೋರ್ಡ್ ಬದಲಾದಾಗ ವಿಂಡೋಸಿನ ಪರವಾನಗಿ ಮತ್ತೆ ದೃಢಪಡಬೇಕಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಬಿಟ್‌ಲಾಕರ್. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಈ ವ್ಯವಸ್ಥೆಯ ಕೀಲಿ ಹಳೆಯ ಬೋರ್ಡಿನ ಟಿಪಿಎಂನಲ್ಲಿರುವುದರಿಂದ ಹೊಸ ಬೋರ್ಡು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದು ಇಲ್ಲದಿದ್ದರೆ ಕಡತಗಳನ್ನು ಮರಳಿ ಪಡೆಯುವ ದಾರಿಯಿಲ್ಲ.

ಡಿಸ್ಕ್ ಬದಲಾವಣೆಯಲ್ಲಿ ಕನ್ನಡ ಬಳಸುವವರಿಗೆ ಎದುರಾಗುವ ಒಂದು ತೊಡಕೂ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮತ್ತು 1998ರಲ್ಲಿ ಬಂದ ಬರಹದ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲೇ ಕೂರಿಸಲಾಗಿತ್ತು. ಹೊಸ ಡಿಸ್ಕಿಗೆ ವಿಂಡೋಸ್ ಹಾಕಿ ಆ ಫಾಂಟುಗಳನ್ನು ಹಾಕದಿದ್ದರೆ ಲಗ್ನಪತ್ರಿಕೆ, ಕ್ರಯಪತ್ರದ ಕರಡು, ಶಾಲಾ ಪ್ರಶ್ನೆಪತ್ರಿಕೆಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಾಗಿ ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ. ಹಳೆಯ ಡಿಸ್ಕಿನ ಫಾಂಟ್ ಕಡತಕೋಶವನ್ನು ಮೊದಲೇ ನಕಲು ಮಾಡಿಕೊಂಡ ಡಿಟಿಪಿ ಅಂಗಡಿಗೆ ಇದು ಐದು ನಿಮಿಷದ ಕೆಲಸ. ಮಾಡಿಕೊಳ್ಳದ ಅಂಗಡಿ ತನ್ನ ಹಳೆಯ ಕಡತಗಳಿಗಾಗಿ ಅದೇ ಫಾಂಟುಗಳನ್ನು ಇನ್ನೊಬ್ಬರಲ್ಲಿ ಹುಡುಕಬೇಕು, ಹೊಸ ಬರವಣಿಗೆಯನ್ನಾದರೂ ಯೂನಿಕೋಡ್‌ಗೆ ಬದಲಿಸಿಕೊಂಡರೆ ಈ ತೊಂದರೆ ಮುಂದೆ ಇರುವುದಿಲ್ಲ.

ಕೆಲಸದ ಕ್ರಮದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕ್ಯಾಬಿನೆಟ್ ಬಿಚ್ಚುವ ಮೊದಲು ಪ್ಲಗ್ ಕಿತ್ತು ಪವರ್ ಬಟನ್ನನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಜನವರಿಯಿಂದ ಮಾರ್ಚಿನವರೆಗಿನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ತೊಟ್ಟವರ ಮೈಯಲ್ಲಿ ಸೇರುವ ಸ್ಥಿರವಿದ್ಯುತ್ ಚಿಪ್ಪುಗಳನ್ನು ಕೊಲ್ಲಬಲ್ಲದು, ಆದ್ದರಿಂದ ಭಾಗಗಳನ್ನು ಮುಟ್ಟುವ ಮುನ್ನ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಹಳೆಯ ಭಾಗವನ್ನು ವಾಪಸ್ ಹಾಕಿದಾಗ ಯಂತ್ರ ಮೊದಲಿನಂತೆ ನಡೆದರೆ ಹೊಸ ಭಾಗದ ಹೊಂದಾಣಿಕೆಯನ್ನು ಪ್ರಶ್ನಿಸಬೇಕು. ನಡೆಯದಿದ್ದರೆ ಬದಲಾವಣೆಯ ವೇಳೆ ಬೇರೇನೋ ಅಲುಗಿದೆ. ಹೊಸ ಭಾಗವನ್ನು ಅದೇ ಮಾದರಿಯ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡುವ ಅವಕಾಶ ಶಾಲಾ ಕಾಲೇಜುಗಳ ಪ್ರಯೋಗಾಲಯಗಳಿಗೆ ಸುಲಭವಾಗಿ ಸಿಗುತ್ತದೆ. ಒಂದೇ ಯಂತ್ರವಿರುವ ಅಂಗಡಿಯವರು ಪರಿಚಯದ ರಿಪೇರಿಯವರ ಬಳಿ ಹೋಗುವಾಗ ಹಳೆಯ ಭಾಗ, ಹೊಸ ಭಾಗ, ಎರಡರ ಬಿಲ್ಲು ಮತ್ತು ಬೋರ್ಡಿನ ಮಾದರಿ ಸಂಖ್ಯೆಯನ್ನು ಜೊತೆಗೆ ಒಯ್ಯಬೇಕು, ಯಂತ್ರವು ಹೊಸ ಭಾಗದೊಂದಿಗೆ ಕೆಲವು ದಿನ ಸರಿಯಾಗಿ ನಡೆಯುವವರೆಗೆ ಹಳೆಯ ಭಾಗವನ್ನು ಗುಜರಿಗೆ ಹಾಕಬಾರದು, ಮತ್ತು ಡಿಸ್ಕಿನ ಕಡತಗಳ ಒಂದು ಪ್ರತಿಯನ್ನು ಕ್ಯಾಬಿನೆಟ್ ಬಿಚ್ಚುವ ಹಿಂದಿನ ದಿನವೇ ಬೇರೆಡೆ ಇಟ್ಟಿರಬೇಕು.